ಸ್ತ್ರೀರೋಗ ಕ್ಯಾನ್ಸರಿನ ಶಂಕೆ: ತಜ್ಞರ ಬಳಿ ಯಾವಾಗ ಕಳುಹಿಸಬೇಕು?

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತೆಂದು ಮಹಿಳೆಯೊಬ್ಬರು ವಿಜಯಪುರ ಜಿಲ್ಲೆಯ ಇಂಡಿ ಅಥವಾ ಸಿಂದಗಿ ಪಟ್ಟಣದ ಚಿಕಿತ್ಸಾಲಯಕ್ಕೆ ಬಂದರೆ, ಅದು ಒಂದೇ ಸಲ, ಒಂದೆರಡು ಹನಿಯಷ್ಟೇ ಆಗಿದ್ದರೂ, ರಕ್ತ ನಿಲ್ಲುವ ಮಾತ್ರೆ ಕೊಟ್ಟು ಮನೆಗೆ ಕಳುಹಿಸಬಾರದು. ಅಂಥವರಲ್ಲಿ ಬಹುತೇಕರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೂ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ತೋರುವ ಲಕ್ಷಣ ಇದೇ ಆಗಿರುವುದರಿಂದ, ಎರಡು ವಾರದೊಳಗೆ ಸ್ತ್ರೀರೋಗ ತಜ್ಞರು ಅವರನ್ನು ನೋಡುವಂತಾಗಬೇಕು. ಯೋನಿಯ ಮೂಲಕ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಒಳಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ ಬಯಾಪ್ಸಿ (ಅಂಗಾಂಶದ ತುಣುಕು ತೆಗೆದು ಮಾಡುವ ಪರೀಕ್ಷೆ) ಬೇಕು. ತೆಳುವಾಗಿದ್ದೂ ರಕ್ತಸ್ರಾವ ಮರುಕಳಿಸಿದರೆ ಆಗಲೂ ಬೇಕು.

ನಮ್ಮ ಭಾಗದಲ್ಲಿ ಹೆಚ್ಚು ಕಾಲ ಕಳೆದುಹೋಗುವುದು ಗರ್ಭಕಂಠದ ವಿಷಯದಲ್ಲಿ. ಸಂಭೋಗದ ನಂತರ ರಕ್ತ ಬರುವುದನ್ನು ಹೇಳಲು ಸಂಕೋಚಪಡುವ ಮಹಿಳೆ “ಬಿಳಿ ಹೋಗ್ತದ್ರಿ” ಎಂದಷ್ಟೇ ಹೇಳುತ್ತಾಳೆ. ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಉಪಕರಣ) ಹಾಕಿ ನೋಡದೆ ಔಷಧಿ ಬರೆದುಕೊಟ್ಟರೆ, ಆಕೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿ ಹಂಗಾಮು ಮುಗಿದ ಮೇಲಷ್ಟೇ ಮರಳುತ್ತಾಳೆ. ಆದ್ದರಿಂದ ಇಂಥ ತೊಂದರೆ ಹೇಳಿಕೊಂಡು ಬರುವ ಎಲ್ಲರಲ್ಲೂ ಗರ್ಭಕಂಠವನ್ನು ಕಣ್ಣಾರೆ ನೋಡಲೇಬೇಕು. ಅಲ್ಲಿ ಹುಣ್ಣು, ಗಡ್ಡೆ ಅಥವಾ ಮುಟ್ಟಿದರೆ ರಕ್ತ ಒಸರುವ ಜಾಗ ಕಂಡರೆ ಪ್ಯಾಪ್ (ಗರ್ಭಕಂಠದ ಜೀವಕೋಶಗಳ ಪರೀಕ್ಷೆ) ವರದಿಗಾಗಿ ಕಾಯದೆ ಅಂದೇ ಕಳುಹಿಸಬೇಕು, ಏಕೆಂದರೆ ಕ್ಯಾನ್ಸರ್ ಇದ್ದಾಗಲೂ ಆ ವರದಿ ಸಹಜವೆಂದು ಬರಬಹುದು. ಹೀಗೆ ಪರೀಕ್ಷಿಸದೆ “ಗರ್ಭಚೀಲ ತೆಗೆಸಿಬಿಡಿ” ಎನ್ನುವುದು ಅಪಾಯಕರ ಸಲಹೆ: ಸಾಧಾರಣ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಕ್ಯಾನ್ಸರ್ ಪತ್ತೆಯಾದರೆ ಮುಂದಿನ ಚಿಕಿತ್ಸೆ ಬಹಳ ಜಟಿಲವಾಗುತ್ತದೆ.

ಅಂಡಾಶಯದ ಕ್ಯಾನ್ಸರ್ ಗ್ಯಾಸ್ಟ್ರಿಕ್ ತೊಂದರೆಯಂತೆಯೇ ತೋರುತ್ತದೆ. 50 ದಾಟಿದವರಲ್ಲಿ ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಕೆಳಹೊಟ್ಟೆ ನೋವು ಅಥವಾ ಪದೇ ಪದೇ ಮೂತ್ರಕ್ಕೆ ಹೋಗುವುದು ಹೊಸದಾಗಿ ಆರಂಭವಾಗಿ ತಿಂಗಳಿಗೆ 12 ಸಲಕ್ಕಿಂತ ಹೆಚ್ಚು ಕಾಡಿದರೆ ಸಿಎ-125 (ಅಂಡಾಶಯದ ಕ್ಯಾನ್ಸರಿನಲ್ಲಿ ಹೆಚ್ಚಾಗಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆ ಮಾಡಿಸಿ, ಅದು ಮಿಲಿಲೀಟರಿಗೆ 35 ಯೂನಿಟ್ ಅಥವಾ ಹೆಚ್ಚಿದ್ದರೆ ಸ್ಕ್ಯಾನಿಂಗ್ ಮಾಡಿಸಬೇಕು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅಥವಾ ಗಡ್ಡೆ ಕೈಗೆ ಸಿಕ್ಕರೆ ರಕ್ತಪರೀಕ್ಷೆಗೂ ಕಾಯದೆ ತಜ್ಞರ ಬಳಿ ಕಳುಹಿಸಬೇಕು. ಯೋನಿದ್ವಾರದಲ್ಲಿ ಕಾರಣ ತಿಳಿಯದ ಹುಣ್ಣು, ಗಂಟು ಇದ್ದರೂ ಅಷ್ಟೇ.

ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೇ ಆಗಲಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೇ ಆಗಲಿ, ಕಳುಹಿಸುವಾಗ ಲಕ್ಷಣ ಆರಂಭವಾದ ಕಾಲ, ಪರೀಕ್ಷೆಯಲ್ಲಿ ಕಂಡದ್ದು ಮತ್ತು ಹಿಮೋಗ್ಲೋಬಿನ್ ಪ್ರಮಾಣವನ್ನು ಪತ್ರದಲ್ಲಿ ಬರೆಯಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುವುದರಿಂದ ಅದನ್ನೂ ಮೊದಲೇ ತಿಳಿಸಬೇಕು. ಎರಡು ವಾರದ ನಂತರ ದೂರವಾಣಿ ಮಾಡಿ ವಿಚಾರಿಸಿ, ಆಕೆ ಹೋಗಿಲ್ಲವೆಂದಾದರೆ ಆಶಾ ಕಾರ್ಯಕರ್ತೆಯ ಮೂಲಕ ಮನೆಯವರೊಂದಿಗೆ ಮಾತನಾಡಬೇಕು.