ತೊಗರಿ ಚೀಲದ ಸಂತೆ ಚೀಲ

ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ತೊಗರಿ ಸುರುವಿದ ಮೇಲೆ ಉಳಿಯುವ ಹಳೆ ಗೋಣಿಚೀಲಗಳಿಂದ ನಾನು ಸಂತೆ ಚೀಲ ಹೊಲಿಯುತ್ತೇನೆ. ಆರಿಸುವಾಗ ಒಂದು ಎಳೆ ಕಿತ್ತು ಸುಟ್ಟು ನೋಡುತ್ತೇನೆ: ಸೆಣಬಾದರೆ ಉರಿದು ಬೂದಿಯಾಗುತ್ತದೆ, ಪ್ಲಾಸ್ಟಿಕ್ಕಾದರೆ ಕರಗಿ ಗಂಟಾಗುತ್ತದೆ. ಗೊಬ್ಬರದ ಚೀಲ, ಔಷಧಿ ಹಚ್ಚಿದ ಬೀಜದ ಚೀಲ ಎಷ್ಟೇ ಗಟ್ಟಿ ಇದ್ದರೂ ಬೇಡ. ಹೊಲಿದ ಚೀಲದಲ್ಲಿ ಕಾಯಿಪಲ್ಲೆ ತರಬೇಕಲ್ಲ.

ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ತಾಸು ನೆನೆಸಿದರೆ ಧೂಳು, ಎಣ್ಣೆ ವಾಸನೆ ಬಿಡುತ್ತದೆ. ಹಿಂಡದೆ ನೆರಳಲ್ಲಿ ಒಣಗಿಸಿ. ನಮ್ಮ ಬೇಸಿಗೆ ಬಿಸಿಲಿಗೆ ಬಿಟ್ಟರೆ ಎಳೆ ಪಿಸಿಯುತ್ತದೆ. ತೊಳೆದಾಗ ಸ್ವಲ್ಪ ಮುದುಡುತ್ತದೆ, ಹಾಗಾಗಿ ಅಳತೆ ಏನಿದ್ದರೂ ತೊಳೆದ ಮೇಲೆ.

14 ಇಂಚು ಅಗಲ, 16 ಇಂಚು ಎತ್ತರ, 4 ಇಂಚು ತಳದ ಚೀಲಕ್ಕೆ 19 x 39 ಇಂಚಿನ ಒಂದೇ ತುಂಡು ಸಾಕು. ತಳಕ್ಕೆ ಜೋಡಣೆ ಬೇಡ. ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಗೆರೆಯ ಒಳಗೆ ಕಾಲು ಇಂಚಿಗೆ ಒಂದು ಸುತ್ತು ಮೊದಲು ಹೊಲಿದು, ಆಮೇಲೆ ಕತ್ತರಿ ಹಾಕಿ. ಮೊದಲೇ ಕತ್ತರಿಸಿದರೆ ಮಷೀನಿಗೆ ತರುವಷ್ಟರಲ್ಲಿ ಅಂಚು ಅರ್ಧ ಇಂಚು ಬಿಚ್ಚಿಕೊಂಡಿರುತ್ತದೆ.

ಗೋಣಿ ಭಾರ ಹೊರುತ್ತದೆ, ಆದರೆ ಹೊಲಿಗೆ ಹಿಡಿಯುವುದಿಲ್ಲ. ನೇಯ್ಗೆ ಸಡಿಲ, ಎಳೆದರೆ ದಾರ ಗಟ್ಟಿಯಾಗಿದ್ದರೂ ಎಳೆಗಳೇ ಸರಿದು ಸಂದು ಬೀಳುತ್ತದೆ. ಹಿಡಿಕೆ ಕಿತ್ತು ಬರುವುದು ಇದರಿಂದಲೇ. ಅದಕ್ಕೇ ಹಳೆ ಕಾಟನ್ ಸೀರೆಯ ಅಸ್ತರನ್ನು ಗೋಣಿಯ ಹಿಂದೆ ಹಾಸಿ, ಎರಡನ್ನೂ ಒಂದೇ ಬಟ್ಟೆಯಂತೆ ಕೂಡಿಸಿ ಹೊಲಿಯುತ್ತೇನೆ. ಹಿಡಿಕೆಗೆ ಹಳೆ ಜೀನ್ಸಿನ 3 ಇಂಚು ಪಟ್ಟಿಯನ್ನು ಮೂರು ಮಡಿಕೆ ಮಾಡಿ 1 ಇಂಚಿಗೆ ತಂದುಕೊಳ್ಳುತ್ತೇನೆ. ನಾಲ್ಕು ಮಡಿಕೆ ಮಾಡಿದರೆ ಮಷೀನು ಒದ್ದಾಡುತ್ತದೆ. ಪಟ್ಟಿಯನ್ನು ಬಾಯಿಯ ಹತ್ತಿರ ಮಾತ್ರ ಹಚ್ಚಬೇಡಿ. ಎರಡೂ ಅಂಚಿನಿಂದ 5 ಇಂಚು ಒಳಗೆ, ಮುಂಬದಿಯಿಂದ ತಳದ ಕೆಳಗೆ ಹಾಯ್ದು ಹಿಂಬದಿಗೆ ಬರುವಂತೆ ಒಂದೇ ಬಳೆಯಾಗಿ ಹೊಲಿಯಿರಿ. 22 ಇಂಚಿನ ಎರಡು ಹಿಡಿಕೆ ಸೇರಿ ಒಟ್ಟು ಸುಮಾರು 120 ಇಂಚು ಪಟ್ಟಿ ಬೇಕು. ಪಟ್ಟಿಯ ಜೋಡಣೆ ಹಿಡಿಕೆಯ ಮೇಲೆ ಬೀಳಬಾರದು. ಬಾಯಿಯ ಕಡೆ 3 ಇಂಚು ಹೊಲಿಯದೆ ಬಿಟ್ಟು, ಬಾಯಿಯನ್ನು ಒಂದೂವರೆ ಇಂಚು ಒಳಗೆ ಮಡಚಿದ ಮೇಲೆ ಅಲ್ಲಿ ಚೌಕ ಹೊಲಿದು ನಡುವೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ (×) ಹೊಲಿಗೆ ಹಾಕಿ.

ಸೂಜಿ 18 ನಂಬರ್. ಮೇಲೆ ಜೀನ್ಸಿನ ದಪ್ಪ ದಾರ, ಕೆಳಗಿನ ದಾರದ ಉರುಳೆಯಾದ ಬಾಬಿನ್‌ಗೆ ಸಾದಾ ದಾರ. ಇಂಚಿಗೆ ಆರು ಹೊಲಿಗೆ. ಅದಕ್ಕಿಂತ ಒತ್ತಾಗಿ ಹಾಕಿದರೆ ಸೂಜಿಯ ತೂತುಗಳ ಸಾಲಿಗೇ ಗೋಣಿ ಹರಿಯುತ್ತದೆ.

ಮಗ್ಗಲು ಅರ್ಧ ಇಂಚಿಗೆ ಹೊಲಿದು, ಒಳಗಿನ ಅಂಚನ್ನು ಸೀರೆಯ ಪಟ್ಟಿಯಲ್ಲಿ ಮುಚ್ಚುತ್ತೇನೆ. ಇಲ್ಲದಿದ್ದರೆ ನಾರು ಅಕ್ಕಿ, ಬೇಳೆಗೆ ಅಂಟುತ್ತದೆ. ತಳದ ಮೂಲೆಯನ್ನು ತ್ರಿಕೋನವಾಗಿ ಹಿಡಿದು, ತುದಿಯಿಂದ 2 ಇಂಚಿಗೆ ಅಡ್ಡ ಹೊಲಿದರೆ 4 ಇಂಚಿನ ತಳ ಬರುತ್ತದೆ. ಸೂಜಿ ಮುರಿಯುವ ಜಾಗ ಇದೇ. ಮಡಿಕೆಯನ್ನು ಸುತ್ತಿಗೆಯಿಂದ ಬಡಿದು ತೆಳ್ಳಗೆ ಮಾಡಿ, ಚಕ್ರವನ್ನು ಕೈಯಿಂದಲೇ ತಿರುವಿ. ಆದರೂ ಹೋಗದಿದ್ದರೆ ದಬ್ಬಣ, ಸುತಳಿ ಇದ್ದೇ ಇವೆ.

ಪ್ರತಿ ಚೀಲದ ನಂತರ ಬಾಬಿನ್ ಕೇಸ್ ತೆಗೆದು ಬ್ರಷ್‌ನಿಂದ ನಾರು ಸ್ವಚ್ಛ ಮಾಡಿ, ಒಂದು ಹನಿ ಎಣ್ಣೆ ಬಿಡಿ. ನಾರು ಎಣ್ಣೆಯ ಜೊತೆ ಸೇರಿ ಗಟ್ಟಿಯಾದರೆ ಹೊಲಿಗೆ ತಪ್ಪತೊಡಗುತ್ತದೆ.