302ರಿಂದ 304ಕ್ಕೆ ಇಳಿಸಿದ ಬಗೆ: ನನ್ನ ಅನುಭವ

ಕೊಲೆ (302ನೇ ಕಲಮು) ಪ್ರಕರಣದಲ್ಲಿ ಆರೋಪಿಯ ಪರ ವಕೀಲನು ಪೂರ್ಣ ಬಿಡುಗಡೆಯನ್ನೇ ಕೇಳಬೇಕು, ಐಪಿಸಿಯ (ಹಳೆಯ ಭಾರತೀಯ ದಂಡ ಸಂಹಿತೆಯ) 300ನೇ ಕಲಮಿನ ನಾಲ್ಕನೆಯ ಅಪವಾದವನ್ನು, ಅಂದರೆ ಪೂರ್ವಯೋಜನೆಯಿಲ್ಲದೆ ಹಠಾತ್ ಜಗಳದ ಆವೇಶದಲ್ಲಿ, ಕ್ರೂರತನವಿಲ್ಲದೆ ಆದ ಸಾವು ಕೊಲೆಯಲ್ಲ, 304ನೇ ಕಲಮಿನ ಕಡಿಮೆ ಶಿಕ್ಷೆಯ ನರಹತ್ಯೆ ಎಂಬ ವಿನಾಯಿತಿಯನ್ನು, ಎತ್ತಿದರೆ ಹೊಡೆದದ್ದನ್ನು ಒಪ್ಪಿಕೊಂಡಂತಾಗುತ್ತದೆ ಎಂಬುದು ನಮ್ಮ ಕಡೆಯ ಹಿರಿಯ ವಕೀಲರ ಗಟ್ಟಿ ನಂಬಿಕೆ. ಕಾಲುವೆ ನೀರಿನ ಪಾಳಿಗಾಗಿ ನಡೆದ ಜಗಳವೊಂದರ ಪ್ರಕರಣದಲ್ಲಿ ನಾನು ಅದೇ ಅಪವಾದವನ್ನು ಹಿಡಿದು ಹೊರಟಾಗ, ಕಕ್ಷಿದಾರನನ್ನು ನೀನೇ ಒಳಗೆ ಕಳಿಸುತ್ತೀಯಾ ಎಂದು ಕೇಳಿದವರಿದ್ದರು. ಪ್ರತ್ಯಕ್ಷ ಸಾಕ್ಷಿಗಳೆಲ್ಲ ಮೃತನ ಮನೆಯವರು, ಪ್ರತಿಕೂಲರಾಗುವ (ಹೇಳಿಕೆ ತಿರುಗಿಸುವ) ಮಾತೇ ಇಲ್ಲ. ಇಂಥಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 313ರ ಹೇಳಿಕೆಯಲ್ಲಿ, ಅಂದರೆ ಸಾಕ್ಷ್ಯದ ಬಗ್ಗೆ ನ್ಯಾಯಾಧೀಶರು ಆರೋಪಿಯನ್ನೇ ಕೇಳುವಾಗ, 'ಸುಳ್ಳು' ಎಂದಷ್ಟೇ ಬರೆಸಿ ಕೂತವರಿಗೆ ಜೀವಾವಧಿ ಬಿದ್ದದ್ದನ್ನು ಸಾಕಷ್ಟು ನೋಡಿದ್ದೇನೆ.

ಅದಕ್ಕೂ ಮೊದಲು ಬೇರೊಂದು ಪ್ರಕರಣದಲ್ಲಿ ಒಂದನೆಯ ಅಪವಾದವನ್ನು, ಅಂದರೆ ಗಂಭೀರ ಹಾಗೂ ಹಠಾತ್ ಪ್ರಚೋದನೆಯನ್ನು, ಪ್ರಯೋಗಿಸಿ ನೋಡಿದ್ದೆ. ಮೊಬೈಲ್ ಕರೆಗಳ ವಿವರವನ್ನು 65-ಬಿ ಪ್ರಮಾಣಪತ್ರದೊಂದಿಗೆ (ವಿದ್ಯುನ್ಮಾನ ದಾಖಲೆಯನ್ನು ದೃಢೀಕರಿಸುವ ಪತ್ರ) ತರಿಸಲು ಹತ್ತು ಹನ್ನೆರಡು ಸಾವಿರ ಹೋಯಿತು. ಬೈಗುಳದ ಕರೆಗೂ ಘಟನೆಗೂ ನಡುವೆ ಮುಕ್ಕಾಲು ಗಂಟೆಯಷ್ಟು ಅಂತರವಿದೆ ಎಂದು ಆ ದಾಖಲೆಯೇ ತೋರಿಸಿತು. ಆರೋಪಿ ಆ ಹೊತ್ತಿನಲ್ಲಿ ಮನೆಗೆ ಹೋಗಿ ಚಾಕು ತಂದಿದ್ದ. ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ 1961ರ ತೀರ್ಪಿನಲ್ಲಿ ಸುಮಾರು ಮೂರು ಗಂಟೆಯ ಅಂತರವೇ ಪ್ರಚೋದನೆಯ ವಾದವನ್ನು ಮುಳುಗಿಸಿತ್ತು, ನಮ್ಮದನ್ನು ಆ ಚಾಕು ಮುಳುಗಿಸಿತು.

ಕಾಲುವೆಯ ಪ್ರಕರಣದಲ್ಲಿ ಆಯುಧ ಸಲಿಕೆ. ರಾತ್ರಿ ನೀರು ಹಾಯಿಸಲು ಹೋಗುವವರೆಲ್ಲರ ಕೈಯಲ್ಲೂ ಸಲಿಕೆ ಇರುತ್ತದೆ, ಮೃತನ ಕೈಯಲ್ಲೂ ಇತ್ತು ಎಂಬುದನ್ನು ಮೊದಲ ಸಾಕ್ಷಿಯ ಬಾಯಿಂದಲೇ ಪಾಟಿ ಸವಾಲಿನಲ್ಲಿ ಹೊರಡಿಸಿದೆ. ಪೂರ್ವಯೋಜನೆಯ ಮಾತು ಅಲ್ಲಿಗೇ ಸಡಿಲವಾಯಿತು. ಮರಣೋತ್ತರ ವರದಿಯಲ್ಲಿ ತಲೆಯ ಗಾಯವು ಕೊಯ್ದದ್ದಲ್ಲ, ಜಜ್ಜಿ ಹರಿದದ್ದು ಎಂದಿತ್ತು. ಸಲಿಕೆಯ ಅಂಚಿನಿಂದ ಹೊಡೆದಿದ್ದರೆ ಇಂಥ ಗಾಯವಾಗದು, ಹಿಂಬದಿಯಿಂದ ಹೊಡೆದರೆ ಆಗಬಹುದು ಎಂದು ವೈದ್ಯರು ಒಪ್ಪಿದರು. ಅವರಿಗೆ ಯಾವ ಪ್ರಶ್ನೆಯನ್ನು ಯಾವುದರ ಹಿಂದೆ ಕೇಳಿದೆ ಎಂಬುದನ್ನು ಇಲ್ಲಿ ಬರೆಯಲಾರೆ. ಸರ್ಕಾರಿ ಅಭಿಯೋಜಕರೂ ಇದನ್ನು ಓದುತ್ತಾರೆ.

ಪ್ರಕರಣದ ಜೀವವಿದ್ದದ್ದು ಬೇರೆ ಕಡೆ, ಮೃತನೂ ಹೊಡೆದಿದ್ದ ಎಂದು ತೋರಿಸುವ ಗಾಯದಲ್ಲಿ. ಬಂಧನದ ದಿನ ಆರೋಪಿಯನ್ನು ತಪಾಸಣೆ ಮಾಡಿಸಿದ ಆಸ್ಪತ್ರೆಯ ದಾಖಲೆಯಲ್ಲಿ ಅವನ ಎಡ ಮುಂಗೈ ಮೂಳೆ ಮುರಿದಿತ್ತು ಎಂದಿದ್ದರೂ ಚಾರ್ಜ್‌ಶೀಟಿನಲ್ಲಿ ಅದರ ಸುಳಿವಿರಲಿಲ್ಲ. ದಾಖಲೆ ಹಾಜರುಪಡಿಸಲು ಆದೇಶ ಕೋರುವ 91ನೇ ಕಲಮಿನಡಿ ಅರ್ಜಿ ಹಾಕಿ ರಿಜಿಸ್ಟರನ್ನು ತರಿಸಲು ಹೆಚ್ಚುಕಡಿಮೆ ಎಂಟು ತಿಂಗಳು ಹಿಡಿಯಿತು. ಆರೋಪಿಯ ಮೈಮೇಲಿನ ಗಾಯಕ್ಕೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅವರ ಕಥನವೇ ಅನುಮಾನಕ್ಕೊಳಗಾಗಬಹುದು ಎಂಬುದಕ್ಕೆ 1976ರ ಲಕ್ಷ್ಮೀ ಸಿಂಗ್ ತೀರ್ಪು ಇದ್ದೇ ಇದೆ. ಅಪವಾದವನ್ನು ರುಜುವಾತುಪಡಿಸುವ ಹೊಣೆ ಆಗಿನ ಸಾಕ್ಷ್ಯ ಅಧಿನಿಯಮದ 105ರಂತೆ ನಮ್ಮ ಮೇಲಿದ್ದರೂ ಸಂಭಾವ್ಯತೆ ನಮ್ಮ ಕಡೆ ವಾಲಿದರೆ ಸಾಕು, ಅದೂ ಎದುರು ಪಕ್ಷದ ಸಾಕ್ಷ್ಯದಿಂದಲೇ ವಾಲಬಹುದು.

ಫೀಸಿನ ಮಾತು ಹೇಳಲೇಬೇಕು. ಬಿಡಿಸಿಯೇ ಬಿಡುತ್ತೇನೆ ಎನ್ನುವವರಿಗೆ ಸಿಗುವ ಹಣ, ಶಿಕ್ಷೆ ಇಳಿಸುತ್ತೇನೆ ಎನ್ನುವವನಿಗೆ ಸಿಗುವುದಿಲ್ಲ. ಭತ್ತ ಮಾರಿದಾಗಲೆಲ್ಲ ಕಂತಿನಲ್ಲಿ ಬಂದದ್ದು ಒಟ್ಟು ತೊಂಬತ್ತು ಸಾವಿರದ ಆಸುಪಾಸು, ಅದರಲ್ಲಿ ಮೂರನೇ ಒಂದು ಭಾಗ ನಕಲು, ಓಡಾಟ ಮತ್ತು ಖಾಸಗಿ ವಿಧಿವಿಜ್ಞಾನ ತಜ್ಞರೊಬ್ಬರ ಅಭಿಪ್ರಾಯಕ್ಕೇ ಹೋಯಿತು. ಆ ಅಭಿಪ್ರಾಯವನ್ನು ನಾನು ಹಾಜರುಪಡಿಸಲೇ ಇಲ್ಲ, ಪ್ರಶ್ನೆ ಹೆಣೆಯಲು ಬಳಸಿಕೊಂಡೆ.

ತೀರ್ಪು 304ರ ಎರಡನೆಯ ಭಾಗಕ್ಕೆ (ಕೊಲ್ಲುವ ಉದ್ದೇಶವಿಲ್ಲದೆ, ಸಾವಾಗಬಹುದೆಂಬ ಅರಿವಷ್ಟೇ ಇದ್ದಾಗ) ಬಂತು, ಆರು ವರ್ಷ. ದಂಡ ಪ್ರಕ್ರಿಯಾ ಸಂಹಿತೆಯ 428ರಡಿ ವಿಚಾರಣಾಧೀನನಾಗಿ ಜೈಲಿನಲ್ಲಿ ಕಳೆದ ಕಾಲವನ್ನು ಕಳೆದರೆ ಉಳಿದದ್ದು ಒಂದೂವರೆ ವರ್ಷಕ್ಕಿಂತ ಕಡಿಮೆ. ಅಂದು ಅನುಮಾನಿಸಿದ ಹಿರಿಯರೊಬ್ಬರು ಈಗ ತಮ್ಮ ಕಿರಿಯರನ್ನು ನನ್ನ ಪಾಟಿ ಸವಾಲಿನ ನಕಲು ಕೇಳಲು ಕಳಿಸುತ್ತಾರೆ.

2024ರ ಜುಲೈ 1ರಿಂದೀಚಿನ ಘಟನೆಗಳಿಗೆ ಅಪವಾದಗಳು ಭಾರತೀಯ ನ್ಯಾಯ ಸಂಹಿತೆಯ 101ರಲ್ಲಿ, ಶಿಕ್ಷೆ 105ರಲ್ಲಿ. ಉದ್ದೇಶವಿತ್ತು ಎಂದು ಮೊದಲ ಭಾಗಕ್ಕೆ ಬಿದ್ದರೆ ಈಗ ಐದು ವರ್ಷಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಾಗಾಗಿ ಅರಿವಷ್ಟೇ ಇತ್ತು ಎಂದು ತೋರಿಸಿಕೊಡುವ ವೈದ್ಯರ ಪಾಟಿ ಸವಾಲಿಗೆ ನಾನು ಈಗ ಪ್ರತ್ಯೇಕ ಫೀಸು ಹೇಳುತ್ತೇನೆ.