ಹಸಿರು ಪೊಸೊಲೆ ಮಾಡುವವರಿಗೆ ನಾಲ್ಕು ಮಾತು

ಮಗಳ ಬಾಣಂತನಕ್ಕೆಂದು ಟೆಕ್ಸಾಸ್‌ಗೆ ಹೋದವಳು 6 ತಿಂಗಳು ಅಲ್ಲೇ ಉಳಿದೆ. ಪಕ್ಕದ ಮನೆಯಲ್ಲಿ ಮೆಕ್ಸಿಕೋದ ಗೆರೆರೊ ರಾಜ್ಯದಿಂದ ಬಂದ ಅಜ್ಜಿ ಒಬ್ಬರಿದ್ದರು. ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ನನಗೂ ಅಷ್ಟೇ. ಮೊಮ್ಮಗು ಮನೆಗೆ ಬಂದ ಮೂರನೇ ದಿನ ಅವರು ಒಂದು ದೊಡ್ಡ ಪಾತ್ರೆ ತುಂಬ ಹಸಿರು ಬಣ್ಣದ ಕೋಳಿ ಸಾರು ತಂದಿಟ್ಟರು. ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದ ನನ್ನ ಮಗಳು ಎರಡು ಬಟ್ಟಲು ಕುಡಿದು, ಅಲ್ಲೇ ಸೋಫಾದ ಮೇಲೆ ಮಲಗಿಬಿಟ್ಟಳು. ಮರುದಿನವೇ ನಾನು ಆ ಅಜ್ಜಿಯ ಅಡುಗೆಮನೆಯಲ್ಲಿ ನಿಂತಿದ್ದೆ.

ಅದರ ಹೆಸರು ಪೊಸೊಲೆ ವೆರ್ದೆ. ಪೊಸೊಲೆ ಅಂದರೆ ಸುಣ್ಣದ ನೀರಲ್ಲಿ ಬೇಯಿಸಿ ಅರಳಿಸಿದ ಮುಸುಕಿನ ಜೋಳದ ಸಾರು, ವೆರ್ದೆ ಅಂದರೆ ಹಸಿರು. ಮೆಕ್ಸಿಕೋದಲ್ಲಿ ಬಿಳಿ, ಕೆಂಪು, ಹಸಿರು ಮೂರೂ ಬಗೆಯ ಪೊಸೊಲೆ ಉಂಟು. ಹಸಿರಿಗೆ ಹೆಸರಾದದ್ದು ಗೆರೆರೊ. ಅಲ್ಲಿ ಗುರುವಾರ ಬಂತೆಂದರೆ ಪೊಸೊಲೆ ದಿನ. ಅಕಪುಲ್ಕೊದಿಂದ ಬೆಟ್ಟದೂರು ಚಿಲಾಪಾದ ತನಕ ಆ ದಿನ ಹೋಟೆಲುಗಳಲ್ಲಿ ದೊಡ್ಡ ದೊಡ್ಡ ಹಂಡೆಗಳು ಕುದಿಯುತ್ತವೆ. 'ಹುವೆವೆಸ್ ಪೊಸೊಲೆರೊ', ಪೊಸೊಲೆ ಗುರುವಾರ, ಅಂತಲೇ ಅದಕ್ಕೆ ಹೆಸರು.

ಮಾಡಲು ಹೊರಡುವವರಿಗೆ ಮೊದಲೇ ಒಂದು ಮಾತು. ಕಾಳು, ಕೋಳಿ, ಹಸಿರು ಖಾರ ಈ ಮೂರನ್ನೂ ಬೇರೆ ಬೇರೆ ಹದ ಮಾಡಿ ಕೊನೆಗೆ ಕೂಡಿಸಬೇಕು. ಎಲ್ಲವನ್ನೂ ಒಂದೇ ಸಲ ಪಾತ್ರೆಗೆ ಹಾಕಿ ಕುದಿಸಿದರೆ ಸಾರೇನೋ ಆಗುತ್ತದೆ, ಪೊಸೊಲೆ ಆಗುವುದಿಲ್ಲ.

ಕಾಳಿನ ಕೆಲಸ ಹಿಂದಿನ ದಿನವೇ ಶುರು. ಅಲ್ಲಿನವರು ಕಾಕಾವಾಸಿಂತ್ಲೆ ಎಂಬ ದಪ್ಪ ಬಿಳಿ ಕಾಳು ತರುತ್ತಾರೆ, ಒಂದೊಂದು ಕಾಳೂ ಅವರೆಕಾಳಿನಷ್ಟು ದಪ್ಪ. ಅರ್ಧ ಕೆಜಿ ಒಣಗಿದ ಕಾಳಿಗೆ 2 ಲೀಟರ್ ನೀರು, ಒಂದು ದೊಡ್ಡ ಚಮಚ ಸುಣ್ಣದ ಪುಡಿ. ಸುಣ್ಣ ಅಂದಾಗ ನನಗೆ ಎದೆ ಝಲ್ ಎಂದಿತ್ತು. ಆಮೇಲೆ ಹೊಳೆಯಿತು, ಎಲೆ ಅಡಿಕೆಗೆ ನಾವು ಹಚ್ಚುವುದೂ ಇದೇ ಅರಳಿದ ಸುಣ್ಣವೇ ಅಲ್ಲವೇ. ತಿನ್ನುವ ಸುಣ್ಣವೇ ಆಗಬೇಕು, ಬಣ್ಣ, ವಾಸನೆ ಬೆರೆಸಿದ್ದು ಬೇಡ. ಗೋಡೆಗೆ ಬಳಿಯುವ ಸುಣ್ಣವನ್ನಂತೂ ಮುಟ್ಟಲೇಬೇಡಿ. ಪಾತ್ರೆ ಸ್ಟೀಲಿನದೇ ಇರಲಿ. ಸುಣ್ಣ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ಪಾತ್ರೆ ಕಪ್ಪಾಗುತ್ತದೆ, ಅಡುಗೆಯೂ ಕೆಡುತ್ತದೆ.

ಸುಣ್ಣವನ್ನು ನೀರಲ್ಲಿ ಕದಡಿ, ಕಾಳು ಹಾಕಿ, ಸಣ್ಣ ಕುದಿಯಲ್ಲಿ 20ರಿಂದ 30 ನಿಮಿಷ ಬಿಡಿ. ಬಿಳಿ ಕಾಳು ಅರಿಸಿನ ಹಚ್ಚಿದ ಹಾಗೆ ಹಳದಿಯಾಗುತ್ತದೆ, ಗಾಬರಿ ಬೇಡ. ಒಂದು ಕಾಳು ತೆಗೆದು ಹೆಬ್ಬೆರಳಲ್ಲಿ ಉಜ್ಜಿ ನೋಡಿ. ಸಿಪ್ಪೆ ಲೋಳೆಯಾಗಿ ಜಾರಿ ಬಂದರೆ ಒಲೆ ಆರಿಸಿ, ಮುಚ್ಚಿ, ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಿಗ್ಗೆ ಐದಾರು ನೀರಲ್ಲಿ ಎರಡೂ ಅಂಗೈ ನಡುವೆ ಉಜ್ಜಿ ಉಜ್ಜಿ ತೊಳೆದರೆ ಹಳದಿಯೆಲ್ಲ ಬಿಟ್ಟುಕೊಂಡು ಕಾಳು ಮತ್ತೆ ಬೆಳ್ಳಗಾಗುತ್ತದೆ. ಆಮೇಲೆ ಪ್ರತಿ ಕಾಳಿನ ಚೂಪು ತುದಿಯಲ್ಲಿ ಗಟ್ಟಿಯಾಗಿ ಉಳಿದಿರುವ ಪುಟ್ಟ ತೊಟ್ಟನ್ನು ಉಗುರಿನಿಂದ ಚಿವುಟಿ ತೆಗೆಯಬೇಕು. ತೊಟ್ಟು ತೆಗೆದರೆ ಬೇಯುವಾಗ ಕಾಳು ಹೂವಿನ ಹಾಗೆ ಬಿರಿಯುತ್ತದೆ. ಅಲ್ಲಿನವರೂ 'ಹೂ ಬಿಡುವುದು' ಅಂತಲೇ ಹೇಳುತ್ತಾರೆ. ಹಿತಕಿದ ಬೇಳೆಗೆ ಅವರೆಕಾಳು ಹಿತುಕಿ ರೂಢಿ ಇದ್ದವರಿಗೆ ಇದೇನು ದೊಡ್ಡ ಕೆಲಸವಲ್ಲ. ನಾವಿಬ್ಬರೂ ಎದುರುಬದುರು ಕೂತು, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ, ಒಂದು ಗಂಟೆಯಲ್ಲಿ ಮುಗಿಸಿದೆವು.

ಈ ಸುಣ್ಣದ ಪದ್ಧತಿ ಬರೀ ಸಿಪ್ಪೆ ಬಿಡಿಸುವುದಕ್ಕಲ್ಲ. ಮುಸುಕಿನ ಜೋಳದಲ್ಲಿರುವ ನಿಯಾಸಿನ್ ಎಂಬ ಜೀವಸತ್ವ ಹಾಗೇ ತಿಂದರೆ ಮೈಗೆ ಹತ್ತುವುದಿಲ್ಲ, ಸುಣ್ಣದಲ್ಲಿ ಬೆಂದರೆ ಬಿಡುಗಡೆಯಾಗುತ್ತದೆ. ಯುರೋಪಿನವರು ಅಮೆರಿಕದಿಂದ ಕಾಳನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಒಯ್ಯಲಿಲ್ಲ. 18ನೇ ಶತಮಾನದಲ್ಲಿ ಸ್ಪೇನ್, ಇಟಲಿಗಳಲ್ಲಿ ಅದನ್ನೇ ತಿಂದು ಬದುಕುತ್ತಿದ್ದ ಬಡವರಿಗೆ ಪೆಲಾಗ್ರ ಎಂಬ ಚರ್ಮ ಒಡೆಯುವ ಕಾಯಿಲೆ ಬಂತು. ಮೆಕ್ಸಿಕೋದ ಹೆಂಗಸರು ಸಾವಿರಾರು ವರ್ಷಗಳಿಂದ ಕೈಯಲ್ಲಿ ಉಳಿಸಿಕೊಂಡು ಬಂದ ವಿದ್ಯೆ ಇದು. ಆ ತೊಳೆಯುವ ನೀರಲ್ಲಿ ಕೈ ಅದ್ದುವಾಗ ನನಗೆ ಅವರ ಮೇಲೆ ಬಹಳ ಗೌರವ ಹುಟ್ಟಿತು.

ತೊಟ್ಟು ತೆಗೆದ ಕಾಳನ್ನು ಹೊಸ ನೀರಲ್ಲಿ, ಉಪ್ಪು ಹಾಕದೆ, ಅರ್ಧ ಈರುಳ್ಳಿ ಜೊತೆಗೆ ಎರಡು ಮೂರು ಗಂಟೆ ಬೇಯಿಸಿ. ಕುಕ್ಕರಿನಲ್ಲಾದರೆ ಮೊದಲ ಕೂಗಿನ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಆಮೇಲೆ ತೆಗೆದು ನೋಡಿ. ಉಪ್ಪು ಕಾಳು ಬಿರಿದ ಮೇಲೆಯೇ. ಹೊರದೇಶದಲ್ಲಿರುವವರಿಗೆ ಬೇಯಿಸಿದ ಕಾಳು ಡಬ್ಬಿಯಲ್ಲೇ ಸಿಗುತ್ತದೆ, ಹಾಮಿನಿ ಅಂತ. ಚೆನ್ನಾಗಿ ತೊಳೆದು ಹಾಕಿ, ತಪ್ಪೇನಿಲ್ಲ. ಬೆಂಗಳೂರಿನಲ್ಲಿ ನಾನು ನಮ್ಮ ಒಣ ಹಳದಿ ಮೆಕ್ಕೆಜೋಳದಲ್ಲೇ ಮಾಡುತ್ತೇನೆ. ಅಷ್ಟು ದೊಡ್ಡದಾಗಿ ಬಿರಿಯುವುದಿಲ್ಲ, ಪರಿಮಳ ಮಾತ್ರ ಅದೇ. ಸ್ವೀಟ್ ಕಾರ್ನ್ ಮಾತ್ರ ಬೇಡ, ಸಾರೆಲ್ಲ ಸಿಹಿಯಾಗುತ್ತದೆ.

ಕೋಳಿಯದು ಸುಲಭ. ಒಂದೂವರೆ ಕೆಜಿ ಕೋಳಿ, ಮೂಳೆ ಸಮೇತ ದೊಡ್ಡ ತುಂಡುಗಳು, 3 ಲೀಟರ್ ತಣ್ಣೀರು, ಒಂದು ಈರುಳ್ಳಿ, ಅಡ್ಡ ಕತ್ತರಿಸಿದ ಒಂದು ಗಡ್ಡೆ ಬೆಳ್ಳುಳ್ಳಿ, ಉಪ್ಪು. ಮೇಲೆ ಬಂದ ನೊರೆ ತೆಗೆಯಿರಿ. ಕೊತಕೊತ ಕುದಿಸಬೇಡಿ, ಗುಳ್ಳೆ ಒಂದೊಂದಾಗಿ ಮೇಲೆ ಬರುವಷ್ಟು ಉರಿ ಸಾಕು. ಫಾರಂ ಕೋಳಿ ಮುಕ್ಕಾಲು ಗಂಟೆಗೆ ಬೇಯುತ್ತದೆ, ಎದೆಯ ತುಂಡು ಅದಕ್ಕೂ ಮೊದಲೇ ಬೆಂದಿರುತ್ತದೆ, ಎತ್ತಿಟ್ಟುಬಿಡಿ. ನಾಟಿ ಕೋಳಿಯಾದರೆ ಎರಡು ಗಂಟೆಯಾದರೂ ಆಗಲಿ, ರಸದ ರುಚಿಯೇ ಬೇರೆ. ತಣಿದ ಮೇಲೆ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ರಸವನ್ನು ಸೋಸಿಡಿ.

ಇನ್ನು ಹಸಿರು ಖಾರ. ಈ ಅಡುಗೆಯ ಜೀವ ಇರುವುದು ಇಲ್ಲಿ.

ಇದಕ್ಕೆ ಬೇಕಾದ ಮುಖ್ಯ ಕಾಯಿ ತೊಮಾತಿಯೊ. ಹಸಿ ಟೊಮೆಟೊ ಹಾಗೆ ಕಂಡರೂ ಅದಲ್ಲ. ತೆಳು ಕಾಗದದಂಥ ಮುಸುಕಿನೊಳಗೆ ಕೂತಿರುತ್ತದೆ. ಹೊಲದ ಬದುವಿನಲ್ಲಿ ಇಂಥದೇ ಮುಸುಕಿನ ಪುಟ್ಟ ಹಣ್ಣು ಕಿತ್ತು, ಹಣೆಗೆ ಪಟ್ ಎಂದು ಒಡೆದು ತಿಂದವರಿಗೆ ನೋಡಿದ ಕೂಡಲೇ ಗುರುತು ಸಿಗುತ್ತದೆ, ಎರಡೂ ಒಂದೇ ಕುಲ. ಮುಸುಕು ತೆಗೆದರೆ ಮೈಯೆಲ್ಲ ಅಂಟಂಟು, ಬೆಚ್ಚಗಿನ ನೀರಲ್ಲಿ ತೊಳೆಯಿರಿ. ಅರ್ಧ ಕೆಜಿ ಬೇಕು. ನೀರಲ್ಲಿ ಹಾಕಿ ಕುದಿಸುವಾಗ ಎಳೆ ಹಸಿರು ಹೋಗಿ ಮಂಕು ಹಸಿರಾದ ಗಳಿಗೆಯಲ್ಲಿ, ಸಿಪ್ಪೆ ಒಡೆಯುವ ಮೊದಲೇ ತೆಗೆಯಬೇಕು. ಒಡೆದರೆ ಹುಳಿಯೆಲ್ಲ ನೀರಿನ ಪಾಲು. ಅದು ಸಿಗದ ಕಡೆ ಗಟ್ಟಿ ಹಸಿರು ಟೊಮೆಟೊ ಬಳಸಿ, ಅರ್ಧ ನಿಂಬೆಹಣ್ಣಿನ ರಸ ಸೇರಿಸಿ.

ಸಿಪ್ಪೆ ಬಿಡಿಸಿದ ಸಿಹಿಗುಂಬಳದ ಬೀಜ 100 ಗ್ರಾಂ. ಒಂದು ಬೀಜ ಬಾಯಿಗೆ ಹಾಕಿ ನೋಡಿ, ಕಮಟು ವಾಸನೆ ಇದ್ದರೆ ಬಿಸಾಡಿ. ಎಣ್ಣೆಯಿಲ್ಲದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಬೀಜ ಉಬ್ಬಿ ಚಟಪಟ ಎನ್ನುತ್ತದೆ. ಆ ಸದ್ದು ಶುರುವಾದ ಮೇಲೆ ಬಾಣಲೆ ಬಿಟ್ಟು ಕದಲಬೇಡಿ. ಕೆಂಪಾದರೆ ಕಹಿ, ಸಾರಿನ ಬಣ್ಣವೂ ಮಣ್ಣಾಗುತ್ತದೆ.

ಹಸಿಮೆಣಸಿನಕಾಯಿ ಮೂರೋ ನಾಲ್ಕೋ. ಇದು ಹಲಪೆನ್ಯೊ ಎಂಬ ಅಲ್ಲಿನ ದಪ್ಪ ಮೆಣಸಿನಕಾಯಿಯ ಲೆಕ್ಕ. ಅದೇ ಲೆಕ್ಕದಲ್ಲಿ ನಮ್ಮ ಸಣ್ಣ ಮೆಣಸಿನಕಾಯಿ ಹಾಕಿದರೆ ಮಕ್ಕಳು ಮುಟ್ಟುವುದಿಲ್ಲ, ಅರ್ಧಕ್ಕಿಳಿಸಿ. ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಈರುಳ್ಳಿ, ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಐದಾರು ಲೆಟ್ಯೂಸ್ ಎಲೆ, ಒಂದು ಹಿಡಿ ಮೂಲಂಗಿ ಸೊಪ್ಪು. ಗೆರೆರೊದವರು ಇದಕ್ಕೆ ಎಪಾಸೊಟೆ ಎಂಬ ಘಾಟು ಸೊಪ್ಪು, ಓಹಾ ಸಾಂತಾ ಎಂಬ ಅಗಲವಾದ ಎಲೆಯನ್ನೂ ಹಾಕುತ್ತಾರೆ. ಓಹಾ ಸಾಂತಾ ನಮ್ಮ ವೀಳ್ಯದೆಲೆ, ಕಾಳುಮೆಣಸುಗಳ ಕುಲದ್ದೇ. ಅಜ್ಜಿ ಕುಂಡದಿಂದ ಕಿತ್ತು ಕೈಗಿಟ್ಟಾಗ ಮೂಸಿ ನೋಡಿದೆ, ಸೋಂಪಿನ ಪರಿಮಳ. ಅವರು ಒಂದು ಎಲೆಗಿಂತ ಹೆಚ್ಚು ಹಾಕುತ್ತಿರಲಿಲ್ಲ. ಸಿಗದಿದ್ದರೆ ಬಿಟ್ಟುಬಿಡಿ, ಬದಲಿಗೆ ವೀಳ್ಯದೆಲೆ ಹಾಕಲು ಹೋಗಬೇಡಿ, ಒಗರಾಗುತ್ತದೆ.

ಮೊದಲು ಬೀಜವನ್ನು ಒಂದು ಸೌಟು ಕೋಳಿ ರಸ ಹಾಕಿ ಚಂದನದಷ್ಟು ನುಣ್ಣಗೆ ರುಬ್ಬಿ, ಆಮೇಲೆ ಮಿಕ್ಕದ್ದು. ಕೊತ್ತಂಬರಿಯಲ್ಲಿ ಅರ್ಧ ಎತ್ತಿಟ್ಟಿರಿ.

ನಾನು ಮೊದಲ ಸಲ ಒಬ್ಬಳೇ ಮಾಡಿದಾಗ ಈ ರುಬ್ಬಿದ್ದನ್ನು ನೇರವಾಗಿ ಕೋಳಿ ರಸಕ್ಕೆ ಸುರಿದುಬಿಟ್ಟೆ. ಒಂದು ಗಂಟೆ ಕುದಿಸಿದರೂ ಹಸಿ ವಾಸನೆ ಹೋಗಲಿಲ್ಲ. ಅಜ್ಜಿ ಒಂದು ಚಮಚ ಬಾಯಿಗಿಟ್ಟು, ನನ್ನ ಕೈ ಹಿಡಿದು ಒಲೆಯ ಹತ್ತಿರ ಕರೆದೊಯ್ದು, ಖಾಲಿ ಬಾಣಲೆಯನ್ನು ತೋರಿಸಿದರು. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ರುಬ್ಬಿದ್ದನ್ನು ಹಾಕಿ, ತಳ ಕೆರೆಯುತ್ತಾ 15 ನಿಮಿಷ ಬಾಡಿಸಬೇಕು. ಮೊದಲು ಸಿಡಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಹಸಿ ಸೊಪ್ಪಿನ ವಾಸನೆ ಹೋಗಿ ಹುರಿದ ಬೀಜದ ಪರಿಮಳ ಏಳುತ್ತದೆ, ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಕೋಳಿ ಸಾರಿಗೆ ಖಾರ ಬಾಡಿಸಿ ಗೊತ್ತಿರುವ ನಮ್ಮವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಈಗ ಮೂರನ್ನೂ ಕೂಡಿಸಿ. ಸೋಸಿದ ರಸಕ್ಕೆ ಬಿರಿದ ಕಾಳು, ಬಾಡಿಸಿದ ಖಾರ ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಉರಿ ಜೋರು ಮಾಡಿದರೆ ಬೀಜದ ಹಾಲು ಒಡೆದು ಸಾರಿನ ಮೇಲೆ ತರಿ ತರಿ ನಿಲ್ಲುತ್ತದೆ. ಕೊನೆಯ 5 ನಿಮಿಷಕ್ಕೆ ಬಿಡಿಸಿದ ಮಾಂಸ, ಎತ್ತಿಟ್ಟ ಕೊತ್ತಂಬರಿಯನ್ನು ರುಬ್ಬಿ ಹಾಕಿ. ಹುಳಿಯಲ್ಲಿ ಬೆಂದ ಸೊಪ್ಪು ಹೇಗೂ ಮಂಕಾಗಿರುತ್ತದೆ, ಈ ಹೊಸ ಸೊಪ್ಪಿನಿಂದ ಹಸಿರು ಮರಳಿ ಬರುತ್ತದೆ. ಉಪ್ಪು ನೋಡಿ. ಕಾಳು ಉಪ್ಪು ಕುಡಿಯುತ್ತದೆ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ಬಡಿಸುವಾಗ ಬಟ್ಟಲು ಆಳವಾಗಿರಲಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಮೂಲಂಗಿ ಬಿಲ್ಲೆ, ಬೆಣ್ಣೆಹಣ್ಣಿನ ಹೋಳು, ನಿಂಬೆ, ಅಂಗೈಯಲ್ಲಿ ಉಜ್ಜಿದ ಒಣ ಓರೆಗಾನೊ, ಟೋಸ್ಟಾಡಾ ಎಂಬ ಗರಿಗರಿ ಮೆಕ್ಕೆಜೋಳದ ರೊಟ್ಟಿ ಎಲ್ಲವನ್ನೂ ಮಧ್ಯದಲ್ಲಿಟ್ಟು, ಅವರವರಿಗೆ ಬೇಕಾದ್ದು ಅವರವರೇ ಹಾಕಿಕೊಳ್ಳಲಿ. ಗೆರೆರೊದಲ್ಲಿ ಹುರಿದ ಹಂದಿ ಚರ್ಮ, ಕೆಲವು ಮನೆಗಳಲ್ಲಿ ಸಾರ್ಡೀನ್ ಮೀನು ಸಹ ಇಡುತ್ತಾರೆ. ನಿಂಬೆ ಬಟ್ಟಲಿಗೇ ಹಿಂಡಿ, ಪಾತ್ರೆಗೆ ಬೇಡ. ಶೀತ ಹಿಡಿದವರಿಗೆ, ಜ್ವರದಿಂದ ಎದ್ದವರಿಗೆ ಖಾರ ಕಡಿಮೆ ಮಾಡಿ ಬರೀ ತಿಳಿ ರಸ, ನಾಲ್ಕು ಕಾಳು, ಸ್ವಲ್ಪ ಮಾಂಸ ಕೊಡಿ.

ಉಳಿದರೆ ಎರಡು ಗಂಟೆಯೊಳಗೆ ಫ್ರಿಡ್ಜಿಗೆ ಸೇರಿಸಿ. ಮರುದಿನ ಗಟ್ಟಿಯಾಗಿರುತ್ತದೆ, ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲೇ ಕಾಯಿಸಿ. ಕಾಳು ಬೇಯಿಸುವಾಗ ಒಂದು ಕೆಜಿಯನ್ನೇ ಬೇಯಿಸಿ, ಅರ್ಧವನ್ನು ಅದರ ನೀರಿನ ಸಮೇತ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಾಗ ಕೋಳಿ ಬೇಯುವಷ್ಟರಲ್ಲಿ ಖಾರ ಬಾಡಿಸಿಕೊಂಡರೆ ಆಯಿತು.